ಸ್ಪ್ರಿಂಗ್ ಕಾಕಾನ ಉಪವಾಸ

ಬನಹಟ್ಟಿಯಲ್ಲಿ ದವಾಖಾನೆ ಇಟ್ಟ ಮೇಲೆ ನಗು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಿಲ್ಲ, ರೋಗಿಗಳೇ ತಂದುಕೊಡುತ್ತಾರೆ. ಅದರಲ್ಲೂ ನಮ್ಮ ಓಣಿಯಲ್ಲಿ ಪವರ್‌ಲೂಮ್ ಮಗ್ಗ ನಡೆಸುವ ಕಾಕಾ! ಹೃದಯದ ನಾಳ ಕಟ್ಟಿಕೊಂಡು, ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರು. ನಮ್ಮ ಕಡೆ ಅದಕ್ಕೆ ಸ್ಪ್ರಿಂಗ್ ಅಂತಾರೆ. ಕೊಬ್ಬು ಏರಿ ಆ ಸ್ಪ್ರಿಂಗ್ ಒಳಗೇ ನಾಳ ಮತ್ತೆ ಕಿರಿದಾದೀತು ಎಂಬ ಚಿಂತೆ ನನಗೆ, ಅವರ ಹೆಂಡತಿ ಕಾಕಿಗೆ. ಕಾಕಾಗೆ ಊಟದ್ದೊಂದೇ ಚಿಂತೆ.

ಖಾಲಿ ಹೊಟ್ಟೆ

ರಕ್ತದ ಕೊಬ್ಬಿನ ತಪಾಸಣೆಗೆ, "ನಾಳಿ ಮುಂಜಾನೆ ಉಪವಾಸ ಬರ್ರಿ" ಅಂದಿದ್ದೆ. ಬಂದರು. ರಿಪೋರ್ಟ್ ನೋಡಿದರೆ ಕೊಬ್ಬು ಮುಗಿಲು ಮುಟ್ಟಿತ್ತು.

"ಕಾಕಾ, ಏನರೆ ತಿಂದಿದ್ರೇನು?"

"ಛೇ ಛೇ, ಉಪವಾಸ ಅಂದಿದ್ರಲ್ರಿ! ಬರೇ ಸಾಬೂದಾಣಿ ಖಿಚಡಿ. ಶೇಂಗಾ, ತುಪ್ಪ ಜಾಸ್ತಿನ ಹಾಕಿದ್ಲು ನಿಮ್ಮ ಕಾಕಿ."

ನಮ್ಮ ಕಡೆ ಉಪವಾಸ ಅಂದರೆ ದಿನಕ್ಕಿಂತ ನಾಲ್ಕು ತುತ್ತು ಹೆಚ್ಚು. ಇಲ್ಲೇ ಹುಟ್ಟಿ ಬೆಳೆದ ನಾನೇ ಮರೆತಿದ್ದೆ.

ಛಲೋ ಕೊಬ್ಬು

ಮರುದಿನ ನಿಜವಾದ ಖಾಲಿ ಹೊಟ್ಟೆಯಲ್ಲಿ ತಪಾಸಣೆ ಆಯಿತು. ಆಗಲೂ ಕೊಬ್ಬು ಹೆಚ್ಚೇ. "ಕೆಟ್ಟ ಕೊಬ್ಬು ಇಳಿಬೇಕು, ಛಲೋ ಕೊಬ್ಬು ಏರಬೇಕು" ಎಂದು ತಿಳಿಹೇಳಿ ಕಳಿಸಿದೆ. ತಿಂಗಳು ಬಿಟ್ಟು ಬಂದಾಗ ಕಾಕಾ ಇನ್ನೂ ದುಂಡಗಾಗಿದ್ದರು.

"ಅಂಗಡಿ ಮಿರ್ಚಿ ಭಜಿ ಬಿಟ್ಟೇನ್ರಿ, ಅದು ಕೆಟ್ಟ ಕೊಬ್ಬು. ಮನಿ ಬೆಣ್ಣಿ ಛಲೋದಲ್ರಿ, ರೊಟ್ಟಿ ಮ್ಯಾಲ ದಿನಾ ಏರಸಾಕತ್ತೇನಿ."

ಕಾಕಿ ನಡುವೆ ಬಾಯಿ ಹಾಕಿದರು: "ಇನ್ನ ಎಷ್ಟು ಏರಬೇಕ್ರಿ ಡಾಕ್ಟರ್ರ? ಇನ್ನೊಂದು ಎಮ್ಮಿ ತರೂದೇನು?"

ಮಗ್ಗದ ಎಣ್ಣೆ

"ಸ್ಪ್ರಿಂಗ್ ಹಾಕ್ಯಾರಲ್ರಿ, ಇನ್ನ ಗುಳಿಗಿ ಯಾಕ?" ಎಂದು ಒಮ್ಮೆ ಗುಳಿಗೆಯನ್ನೇ ಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಆದರೂ ಸಮಾಧಾನದಿಂದ ಕೇಳಿದೆ: "ಮಗ್ಗಕ್ಕ ಹೊಸಾ ಸ್ಪ್ರಿಂಗ್ ಹಾಕಿದ ಮ್ಯಾಲ ಎಣ್ಣಿ ಬಿಡೂದು ನಿಲ್ಲಸ್ತೀರೇನು?"

"ನಾನೂ ಅದನ್ನ ಅಂತೇನ್ರಿ! ಎಣ್ಣಿ ಬ್ಯಾಡ ಅನ್ನಾವ್ರು ನೀವು!"

ಸೋತೆ. ಮಾತು ಬದಲಿಸಿ, "ಮಗ್ಗದಾಗ ಹತ್ತಿ ಧೂಳು ಕೂಡತೈತಿ, ದಿನಾ ಝಾಡಸ್ತೀರಿ. ನಾಳದಾಗ ಕೊಬ್ಬು ಕೂಡತೈತಿ, ಗುಳಿಗಿ ಝಾಡಸತೈತಿ" ಅಂದೆ. ಕಾಕಾ ಗಂಭೀರರಾದರು. ಅಂದಿನಿಂದ ಗುಳಿಗೆ ತಪ್ಪಿಲ್ಲ, ಬೆಣ್ಣೆಯೂ ಕಡಿಮೆಯಾಯಿತು, ಕೊಬ್ಬೂ ಇಳಿಯಿತು.

ಮತ್ತೆ ಎದೆನೋವು

ಹೋದ ವರ್ಷ ಒಂದು ಸಂಜೆ ಕಾಕಾ ಎದೆ ಹಿಡಿದುಕೊಂಡು ಬಂದರು. ಹಿಂದೆ ಕಾಕಿ ಅಳುತ್ತಿದ್ದರು. ಇಸಿಜಿಯಲ್ಲಿ ಏನೂ ಕಾಣಲಿಲ್ಲ, ಆದರೂ ನನಗೆ ಹೆದರಿಕೆ. ಸ್ಪ್ರಿಂಗ್ ಕಟ್ಟಿಕೊಂಡಿತೇನೋ ಎಂದು ಆಗಿಂದಾಗಲೇ ಬೆಳಗಾವಿಗೆ ಕಳಿಸಿದೆ. ಆ ರಾತ್ರಿ ನನಗೆ ನಿದ್ದೆಯಿಲ್ಲ.

ಎರಡು ದಿನ ಬಿಟ್ಟು ಗಂಡ ಹೆಂಡತಿ ಪೇಢೆ ಹಿಡಿದು ಬಂದರು. ಕಾಕಾ ಬಾಗಿಲಲ್ಲೇ ಅಂದರು: "ನಾಳ ಸ್ವಚ್ಛ ಐತ್ರಿ! ಎಲ್ಲೂ ಕಿರಿದಾಗಿಲ್ಲಂತ. ಬರೇ ಗ್ಯಾಸ್ ಅಂದ್ರು." ನನ್ನ ಕಣ್ಣು ತುಂಬಿದವು. ಪೇಢೆ ಕಸಿದು ನಾನೇ ತಿಂದು ಕೇಳಿದೆ:

"ಅವತ್ತು ಏನು ತಿಂದಿದ್ರಿ ಕಾಕಾ?"

"ಏನೂ ಇಲ್ರಿ. ಏಕಾದಶಿ ಇತ್ತು. ಉಪವಾಸ ಮಾಡಿದ್ದೆ."

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು: "ಹೌದ್ರಿ ಡಾಕ್ಟರ್ರ, ಎರಡು ತಾಟು ಉಪವಾಸ ಮಾಡಿದ್ರು!"