ಹಾದುಹೋಗುವವರಿಗೆ ಮಾತ್ರ

ಡನ್‌ಕೆರಿ ಪುರಸಭೆಯ ಕಡತದಲ್ಲಿ ದಾಖಲಾಗಿರುವಂತೆ, ಮಹಾಮಾರಿಯ ಎರಡನೆಯ ವರ್ಷ, ಮೇ ನಾಲ್ಕನೆಯ ತಾರೀಖು ಮಂಗಳವಾರ, ಎಪ್ಪತ್ತೆಂಟು ವರ್ಷದ ನ್ಯಾನ್ ಎಂಬವರು ತಮ್ಮ ಅಕ್ಕ ಎಫಿ ಲಾರಿಮರ್ ಅವರ ಮನೆಯನ್ನು ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಹಾದುಹೋಗಲು ಮೂರು ಗಂಟೆ ನಲವತ್ತು ನಿಮಿಷ ತೆಗೆದುಕೊಂಡರು. ದೂರ ಹನ್ನೊಂದು ಗಜ.

ಇದರಲ್ಲಿ ನಿಯಮ ಮುರಿದದ್ದು ಏನೂ ಇರಲಿಲ್ಲ. ಆಗಿನ ನಿಯಮದಂತೆ ಬೇರೆ ಮನೆಯವರೊಡನೆ ಹಿತ್ತಲಿನಲ್ಲಿ ಕೂತು ಮಾತಾಡಬಹುದಿತ್ತು, ಮನೆಯೊಳಗೆ ಕೂರುವಂತಿರಲಿಲ್ಲ. ಹಿತ್ತಲಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಮನೆಯೊಳಗಿಂದ ‘ನಿಲ್ಲದೆ ಹಾದುಹೋಗಬಹುದು’ ಎಂದಿತ್ತು. ಎಫಿಯ ಮನೆ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳ ನಡುವಿನದು. ಹಿತ್ತಲಿಗೆ ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಎಫಿಯ ಅಡುಗೆಮನೆ.

ಅಕ್ಕತಂಗಿಯರು ಹಿತ್ತಲಿನಲ್ಲಿ ಕೂತು ನೋಡಿರಲಿಲ್ಲ ಎಂದಲ್ಲ. ಏಪ್ರಿಲ್ ತಿಂಗಳ ಪ್ರತಿ ಮಂಗಳವಾರವೂ ಎರಡು ಕೊಡೆಗಳ ಕೆಳಗೆ, ಆರಡಿ ಅಂತರದಲ್ಲಿ ಕೂತು ಬಾರ್ಲಿ ಸೂಪು ಕುಡಿದಿದ್ದರು. ಮಳೆ ಅಡ್ಡಡ್ಡಲಾಗಿ ಬರುತ್ತಿದ್ದುದರಿಂದ ಕೊಡೆ ಬರೀ ಶಿಷ್ಟಾಚಾರಕ್ಕೆ ಇತ್ತು. ಕೊನೆಯ ಮಂಗಳವಾರ ನ್ಯಾನ್ ಇಪ್ಪತ್ತು ನಿಮಿಷ ಎಡೆಬಿಡದೆ ಕುಡಿದ ಮೇಲೂ ಬಟ್ಟಲು ಮೊದಲಿಗಿಂತ ತುಂಬಿತ್ತು.

“ಎಫಿ, ನಿನ್ನ ಸೂಪು ಮುಗಿಯೋದೇ ಇಲ್ವಲ್ಲೇ.”

“ಬಡಿಸೋಳ ಕೈ ಧಾರಾಳ,” ಎಂದಳು ಎಫಿ.

ಹದಿನೇಳನೆಯ ತಾರೀಖಿನಿಂದ ಮನೆಯೊಳಗೇ ಕೂರಬಹುದೆಂದು ರಾಜಧಾನಿಯಿಂದ ಸುತ್ತೋಲೆ ಬಂದಿತ್ತು. ಅದರ ಕೊನೆಯಲ್ಲಿ ‘ಸ್ಥಳೀಯ ಪರಿಸ್ಥಿತಿ ನೋಡಿಕೊಂಡು’ ಎಂಬ ಮೂರು ಪದಗಳಿದ್ದವು. ಆ ಮೂರು ಪದಗಳಿಗಾಗಿ ಪುರಸಭೆ ಏಳು ಜನರ ಉಪಸಮಿತಿ ಮಾಡಿತು. ಸಡಿಲಿಕೆಯನ್ನು ಮೂರು ವಾರ ಮುಂದೂಡಬೇಕೇ ಬೇಡವೇ ಎಂಬುದು ಅದರ ಮುಂದಿದ್ದ ಪ್ರಶ್ನೆ.

ನ್ಯಾನ್ ಹತ್ತಿರ ಮೂರು ವಾರ ಇರಲಿಲ್ಲ. ಸೊಂಟದ ಕೀಲು ಬದಲಾಯಿಸಿಕೊಂಡ ಮೇಲೆ ಅವಳಿಗೆ ಮೂರನೆಯ ಮಹಡಿಯ ಬಾಡಿಗೆಮನೆಗೆ ಹತ್ತಲಾಗುತ್ತಿರಲಿಲ್ಲ. ಮನೆ ಬಿಟ್ಟುಕೊಟ್ಟು, ಇಪ್ಪತ್ತೆರಡನೆಯ ತಾರೀಖು ಶನಿವಾರದ ಹಡಗಿನಲ್ಲಿ ದೂರದ ಶೆಟ್ಲೆಂಡ್ ದ್ವೀಪದಲ್ಲಿದ್ದ ಮಗಳ ಮನೆಗೆ ಹೋಗಿಬಿಡುವುದೆಂದು ತೀರ್ಮಾನವಾಗಿತ್ತು. ಎಫಿಯ ಮನೆಯಲ್ಲಿ ಒಂದು ಕೋಣೆ ಖಾಲಿ ಇತ್ತು. ‘ಇಲ್ಲೇ ಇದ್ದುಬಿಡು’ ಎಂದು ಎಫಿ ಹೇಳಿರಲಿಲ್ಲ. ಹಾಗೆ ಹೇಳುವ ರೂಢಿ ಆ ಮನೆತನದಲ್ಲಿ ಇರಲಿಲ್ಲ. ‘ಇರಲೇ?’ ಎಂದು ನ್ಯಾನ್ ಕೇಳಿರಲಿಲ್ಲ, ಕಾರಣ ಅದೇ. ಅವರ ಅಪ್ಪ ಯುದ್ಧಕ್ಕೆ ಹೊರಟಾಗ ಹೆಂಡತಿಗೆ ‘ಒಲೆ ನೋಡಿಕೋ’ ಎಂದಷ್ಟೇ ಹೇಳಿದ್ದ.

ಒಂಟಿಯಾಗಿರುವವರು ಇನ್ನೊಂದು ಮನೆಯನ್ನು ‘ಜೋಡಿಮನೆ’ ಎಂದು ಬರೆಸಿಕೊಂಡರೆ ಆ ಮನೆಯವರು ಮಾತ್ರ ಒಳಗೆ ಬಂದು ಕೂರಬಹುದಿತ್ತು. ಎಫಿ ಆ ಅವಕಾಶವನ್ನು ಹಿಂದಿನ ಚಳಿಗಾಲದಲ್ಲೇ ಬಳಸಿಬಿಟ್ಟಿದ್ದಳು. ಪಕ್ಕದ ಮನೆಯ ಗಿಲ್‌ಕ್ರಿಸ್ಟ್‌ನ ಟೀವಿ ದೊಡ್ಡದೆಂದು ಅವನನ್ನು ಜೋಡಿ ಮಾಡಿಕೊಂಡಳು; ರಿಮೋಟಿನ ವಿಷಯದಲ್ಲಿ ಒಂದೇ ವಾರಕ್ಕೆ ಮಾತು ಬಿಟ್ಟಳು. ಜೋಡಿ ಬದಲಾಯಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಇಡೀ ಊರಿನಲ್ಲಿ ಎಫಿಯ ಅಡುಗೆಮನೆಯಲ್ಲಿ ಕೂರುವ ಹಕ್ಕಿದ್ದ ಏಕೈಕ ವ್ಯಕ್ತಿ ಎಂದರೆ ಅವಳು ಬಾಗಿಲು ತೆಗೆಯದ ಗಿಲ್‌ಕ್ರಿಸ್ಟ್.

ಮೇ ನಾಲ್ಕರಂದು ಜೋರು ಮಳೆ. ನ್ಯಾನ್ ಕೋಲೂರಿಕೊಂಡು ಹೊಸ್ತಿಲು ದಾಟಿದಾಗ ಎಫಿ ಕನ್ನಡಕ ಹಾಕಿಕೊಂಡು ನಿಯಮದ ಹಾಳೆ ಓದುತ್ತಿದ್ದಳು.

“ನಿಲ್ಲದೆ ಹಾದುಹೋಗಬಹುದು ಅಂತಿದೆ.”

“ಹ್ಞೂಂ.”

“ಬೇಗ ಅಂತಿಲ್ಲ.”

ನ್ಯಾನ್ ಸ್ವಲ್ಪ ಯೋಚಿಸಿದಳು. “ನನ್ನ ಸೊಂಟಕ್ಕೂ ಆ ಪದ ಗೊತ್ತಿಲ್ಲ ಬಿಡು.”

ಎಫಿ ತನ್ನ ಗಂಡ ಬಳಸುತ್ತಿದ್ದ ಚಕ್ರದ ಕುರ್ಚಿಯನ್ನು ತಂದಿಟ್ಟಳು. ನ್ಯಾನ್ ಕೂತಳು. ಅಕ್ಕ ಆಗಾಗ ಕಾಲ್ಬೆರಳಿನಿಂದ ಕುರ್ಚಿಯನ್ನು ಒಂದಿಷ್ಟು ದೂಡುತ್ತಿದ್ದಳು. ಮೂರನೆಯ ಗಜದಲ್ಲಿ ಟೀ ಆಯಿತು. ಆರನೆಯದರಲ್ಲಿ ಸೂಪು, ಅದು ಹದಿನೈದೇ ನಿಮಿಷಕ್ಕೆ ಮುಗಿದು ನ್ಯಾನ್‌ಗೆ ಆಶ್ಚರ್ಯವಾಯಿತು. ಎಂಟನೆಯ ಗಜದಲ್ಲಿ ಊಟದ ಮೇಜು ಸಿಕ್ಕಿತು. ಅದರ ಅಂಚು ಹಿಡಿದು ಸಾಗುವಷ್ಟರಲ್ಲಿ ಇಬ್ಬರೂ ಊರಿನ ಹನ್ನೆರಡು ಜನರ ವಿಷಯ ಮಾತಾಡಿ ಮುಗಿಸಿದ್ದರು.

ಗಿಲ್‌ಕ್ರಿಸ್ಟ್ ಗೋಡೆಗೆ ಕಿವಿಗೊಟ್ಟು ಕೇಳಿ ಪುರಸಭೆಗೆ ಫೋನ್ ಮಾಡಿದ. ಮಧ್ಯಾಹ್ನ ಲಾಕ್ಲನ್ ಟುಲಕ್ ಬಂದ. ಇವನು ಹದಿನೆಂಟು ವರ್ಷದಿಂದ ನಾಯಿಗಳ ಹೇಸಿಗೆಯ ತನಿಖಾಧಿಕಾರಿ. ಮಹಾಮಾರಿ ಬಂದ ಮೇಲೆ ಮನೆಯೊಳಗಿನ ವ್ಯವಹಾರಗಳನ್ನೂ ವಹಿಸಿದ್ದರು. ಅಳತೆಚಕ್ರ, ಸ್ಟಾಪ್‌ವಾಚು ಎರಡೂ ತಂದಿದ್ದ. ಕೆಲಸದ ಮೇಲೆ ಬಂದವರು ಒಳಗೆ ಕೂರಬಹುದಾದ್ದರಿಂದ ಕೂತ.

“ಮಿಸೆಸ್ ಲಾರಿಮರ್, ನಿಮ್ಮ ತಂಗಿ ಇಲ್ಲಿ ನಿಲ್ಲೋ ಹಾಗಿಲ್ಲ.”

“ನಿಂತಿಲ್ಲಪ್ಪ, ಕೂತಿದೀನಿ,” ಎಂದಳು ನ್ಯಾನ್.

“ನಿಲ್ಲೋದು ಅಂದ್ರೆ ತಂಗೋದು.”

“ತಂಗಿನೇ ಅವಳು,” ಎಂದಳು ಎಫಿ. “ನಿನಗೆ ಟೀ ಹಾಕ್ಲಾ?”

“ಹಾಕಿ. ಆದ್ರೆ ನಾನು ಖುಷಿಪಟ್ಕೊಂಡು ಕುಡಿಯೋ ಹಾಗಿಲ್ಲ. ಕುಡಿದ್ರೆ ಅದು ಒಡನಾಟ ಆಗುತ್ತೆ.”

“ನಿಮ್ಮಪ್ಪನ್ನ ಬಲ್ಲೆ ಕಣೋ ಲಾಕ್ಲನ್. ಅವನೂ ಯಾವತ್ತೂ ಖುಷಿಪಟ್ಟವನಲ್ಲ.”

ಲಾಕ್ಲನ್ ಟೀ ಕುಡಿಯುತ್ತ, ಎಫಿ ಮಾಡಿದ ಸ್ಕೋನ್ ಬನ್ನು ತಿನ್ನುತ್ತ ಇಪ್ಪತ್ತು ನಿಮಿಷ ಅಳೆದ. ಕುರ್ಚಿ ಸರಿಯಾಗಿ ಒಂದು ಗಜ ಸರಿದಿತ್ತು. ‘ವ್ಯಕ್ತಿ ಚಲನೆಯಲ್ಲಿದ್ದಾರೆ. ವೇಗ ಗಂಟೆಗೆ ಮೂರು ಗಜ. ಸ್ಕೋನ್ ಒಣಗಿತ್ತು’ ಎಂದು ಬರೆದುಕೊಂಡ. ಕೊನೆಯ ವಾಕ್ಯವನ್ನು ತಾನು ಖುಷಿಪಡಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಸೇರಿಸಿದ. ಎಫಿ ಅದನ್ನು ಬಹಳ ದಿನ ಕ್ಷಮಿಸಲಿಲ್ಲ.

ಮೇ ಹನ್ನೊಂದರಂದು ಉಪಸಮಿತಿ ಸಭೆ ಸೇರಿತು. ಎಫಿಗೂ ಹಾಜರಾಗಲು ನೋಟೀಸು ಬಂದಿತ್ತು. ತನ್ನ ತಂಗಿಯ ಜೊತೆ ಒಳಗೆ ಕೂರುವಂತಿಲ್ಲದ ಅವಳು ತನಗೆ ಇಷ್ಟವಿಲ್ಲದ ಏಳು ಜನರ ಜೊತೆ ಮುಚ್ಚಿದ ಕಿಟಕಿಯ ಕೋಣೆಯಲ್ಲಿ ಎರಡು ಗಂಟೆ ಕೂತಳು. ಬೆಣ್ಣೆ ಬಿಸ್ಕತ್ತು ಕೊಟ್ಟರು. ಪ್ರತಿ ಅರ್ಧ ಗಂಟೆಗೊಮ್ಮೆ ಗುಮಾಸ್ತ ಎದ್ದು, “ಈ ತನಕ ಯಾರಿಗೂ ಸಂತೋಷ ಆಗಿಲ್ಲ ತಾನೆ?” ಎಂದು ಕೇಳಿ ನಡಾವಳಿಯಲ್ಲಿ ಬರೆಯುತ್ತಿದ್ದ. ಒಬ್ಬ ಸದಸ್ಯನಿಗೆ ಏನೋ ನೆನಪಾಗಿ ನಗು ಬಂತು. ಅವನನ್ನು ಐದು ನಿಮಿಷ ಹೊರಗೆ ಮಳೆಯಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ಒಳಗೆ ಕರೆದುಕೊಂಡರು.

“ಹಾದುಹೋಗೋದಕ್ಕೆ ಕನಿಷ್ಠ ವೇಗ ಗೊತ್ತುಮಾಡಬೇಕು,” ಎಂದರು ಅಧ್ಯಕ್ಷೆ ಮಿಸೆಸ್ ಕಾರ್‌ಮೈಕಲ್.

“ಬಸವನಹುಳುವಿನ ವೇಗ ಇಟ್ಕೊಳ್ಳೋಣ,” ಎಂದ ಒಬ್ಬ.

“ಅದು ತೋಟಗಾರಿಕೆಯೋರ ವ್ಯಾಪ್ತಿ. ಅವರು ಬಿಟ್ಟುಕೊಡಲ್ಲ.”

ಆಗ ಲಾಕ್ಲನ್ ಎದ್ದ. ಹೊಸದಾಗಿ ಗೊತ್ತುಮಾಡುವ ಅಗತ್ಯವಿಲ್ಲವೆಂದೂ, ಪುರಸಭೆಯ ಸೇವಾ ನಿಯಮಾವಳಿಯ ಒಂಬತ್ತನೆಯ ಕಲಮಿನಲ್ಲಿ ಅದಾಗಲೇ ಇದೆಯೆಂದೂ ಹೇಳಿ ಓದಿದ: ‘ಯಾವುದೇ ಕಡತವು ಒಂದು ಮೇಜಿನಿಂದ ಪಕ್ಕದ ಮೇಜಿಗೆ ಇಪ್ಪತ್ತೆಂಟು ಕೆಲಸದ ದಿನಗಳೊಳಗೆ ತಲುಪಿದಲ್ಲಿ, ಅದು ಎಲ್ಲಿಯೂ ನಿಲ್ಲದೆ ಸಾಗಿದೆ ಎಂದೇ ಭಾವಿಸತಕ್ಕದ್ದು.’ ಮೇಜುಗಳ ನಡುವಿನ ಅಂತರವನ್ನು ತಾನು ಬೆಳಿಗ್ಗೆ ಅಳೆದಿರುವುದಾಗಿಯೂ ಅದು ನಾಲ್ಕಡಿಯೆಂದೂ ತಿಳಿಸಿದ.

“ನಾಲ್ಕಡಿಗೆ ಇಪ್ಪತ್ತೆಂಟು ದಿನವಾ? ತೀರಾ ನಿಧಾನ ಆಗಲಿಲ್ವಾ?” ಎಂದ ಮಳೆಯಲ್ಲಿ ನೆನೆದಿದ್ದ ಸದಸ್ಯ.

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. “ಇದು ನಿಧಾನ ಅಂತ ನಾವು ಬರೆದುಕೊಟ್ರೆ, ಮಹಡಿ ಮೇಲಿರೋ ಒಂಬತ್ತು ಸಾವಿರ ಕಡತಗಳು ಅಕ್ರಮವಾಗಿ ತಂಗಿದಾವೆ ಅಂತ ಆಗುತ್ತೆ. ಯೋಚನೆ ಮಾಡಿ ಮಾತಾಡಿ.”

“ನಿಧಾನ ಅಂದ್ನಾ ನಾನು? ನಿರಾಳ ಅಂದೆ.”

ಲಾಕ್ಲನ್ ಲೆಕ್ಕ ಒಪ್ಪಿಸಿದ. ಹನ್ನೊಂದು ಗಜವೆಂದರೆ ಮೂವತ್ತಮೂರು ಅಡಿ. ಪುರಸಭೆಯ ವೇಗದಲ್ಲಿ ಅದಕ್ಕೆ ಇನ್ನೂರ ಮೂವತ್ತೊಂದು ಕೆಲಸದ ದಿನ ಬೇಕು. ಎಫಿಯ ತಂಗಿ ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ್ದಳು. ಏಳು ಜನರೂ ಎಫಿಯ ಕಡೆ ತಿರುಗಿದರು.

“ನಿಮ್ಮ ತಂಗಿಗೆ ಅಷ್ಟೊಂದು ಅವಸರ ಯಾಕೆ, ಮಿಸೆಸ್ ಲಾರಿಮರ್?”

“ಅವಳಿಗೆ ಹಡಗಿದೆ. ಇಪ್ಪತ್ತೆರಡಕ್ಕೆ. ಶೆಟ್ಲೆಂಡಿಗೆ.”

“ವಾಪಸ್ಸು ಯಾವಾಗ?”

“ಇಲ್ಲ.”

“ಹೋಗೋಕೆ ಅವರಿಗೆ ಮನಸ್ಸಿದೆಯಾ?”

“ನಾವು ಅದನ್ನ ಮಾತಾಡಿಲ್ಲ,” ಎಂದಳು ಎಫಿ. ಹೇಳಿದ ಮೇಲೆ ಬಿಸ್ಕತ್ತಿನ ತಟ್ಟೆಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದಳು. ಗುಮಾಸ್ತ ಎದ್ದು, ಯಾರಿಗೂ ಸಂತೋಷವಾಗಿಲ್ಲ ಎಂದು ತಾನಾಗಿಯೇ ಬರೆದುಕೊಂಡ.

ಮೂರು ದಿನಕ್ಕೆ ಆದೇಶ ಬಂತು.

‘ಸದರಿ ನ್ಯಾನ್ ಇವರು ಸದರಿ ಮನೆಯನ್ನು ಇನ್ನೂರ ಮೂವತ್ತೊಂದು ಕೆಲಸದ ದಿನಗಳಲ್ಲಿ ಹಾದುಹೋಗತಕ್ಕದ್ದು. ಇದಕ್ಕಿಂತ ಬೇಗ ಹೋಗುವುದು ಪುರಸಭೆಯ ಘನತೆಗೆ ಕುಂದು. ಮಾರ್ಗದಲ್ಲಿ ಬರುವ ಊಟ, ನಿದ್ರೆ, ಇಸ್ಪೀಟು ಇತ್ಯಾದಿ ಚಲನೆಯ ಭಾಗವೆಂದು ಪರಿಗಣಿಸಲಾಗುವುದು. ಶನಿವಾರ, ಭಾನುವಾರ ಹಾಗೂ ರಜಾದಿನಗಳಲ್ಲಿ ಕಡತಗಳಂತೆಯೇ ಇವರೂ ಅಲುಗಾಡತಕ್ಕದ್ದಲ್ಲ. ಹಿಂದಕ್ಕೆ ಚಲಿಸಲು ಅನುಮತಿ ಇರುವುದಿಲ್ಲ. ಮೇ ನಾಲ್ಕರಂದು ತೋರಿದ ದುಡುಕಿಗಾಗಿ ಎಚ್ಚರಿಕೆ ನೀಡಲಾಗಿದೆ.’

ಸೋಮವಾರ ಹದಿನೇಳರಂದು ನ್ಯಾನ್ ಎರಡು ಪೆಟ್ಟಿಗೆಗಳೊಡನೆ ಮುಂಬಾಗಿಲಿನಿಂದ ಹಿತ್ತಲಿಗೆ ಹೊರಟಳು. ಖಾಲಿ ಕೋಣೆಯ ಬಾಗಿಲು ಹೊಸ್ತಿಲಿನಿಂದ ಎರಡಡಿಯಲ್ಲೇ ಇತ್ತು.

ಅದೇ ದಿನ ಉಪಸಮಿತಿ ಸಡಿಲಿಕೆಯನ್ನು ಮೂರು ವಾರ ಮುಂದೂಡಿತು. ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಯಾರೂ ಮನೆಯಲ್ಲಿರಲಿಲ್ಲ. ಆದೇಶದ ಸುದ್ದಿ ಬೀದಿಯಿಂದ ಬೀದಿಗೆ ಹಬ್ಬಿ, ಊರಿನ ಅರ್ಧ ಜನ ಇನ್ನರ್ಧ ಜನರ ಮನೆಗಳನ್ನು ಹಾದುಹೋಗುತ್ತಿದ್ದರು. ಒಂದು ಮದುವೆಯ ದಿಬ್ಬಣ ಒಂದು ಪಡಸಾಲೆಯ ಮೂಲಕ ನಾಲ್ಕು ದಿನ ಹಾದುಹೋಯಿತು. ಹಿತ್ತಲೇ ಇಲ್ಲದ ಮಹಡಿಮನೆಗಳವರು ತಮಗೆ ಅನ್ಯಾಯವಾಗಿದೆ ಎಂದಾಗ, ಬಟ್ಟೆ ಒಣಗಿಸುವ ಕಿಟಕಿಯನ್ನು ಹಿತ್ತಲೆಂದು ಪರಿಗಣಿಸಲಾಯಿತು. ದೂರುಗಳೆಲ್ಲ ನಿಂತುಹೋದವು. ಮುಂದೂಡಿಕೆಯನ್ನು ಜನ ಮನಸಾರೆ ಸ್ವಾಗತಿಸಿದ್ದಾರೆ ಎಂದು ಉಪಸಮಿತಿ ದಾಖಲಿಸಿ, ಇನ್ನೂ ಆರು ವಾರ ಮುಂದೂಡಿತು.

ಇಪ್ಪತ್ತೆರಡನೆಯ ತಾರೀಖು ಶನಿವಾರ ಬೆಳಿಗ್ಗೆ ಶೆಟ್ಲೆಂಡಿನಿಂದ ಮಗಳು ರೋನಾ ಫೋನ್ ಮಾಡಿದಳು.

“ಅಮ್ಮಾ, ಹಡಗಿಗೆ ಹೊರಟ್ಯಾ?”

“ಇವತ್ತು ಅಲ್ಲಾಡೋ ಹಾಗಿಲ್ಲ ಕಣೇ. ಶನಿವಾರ.”

“ಶನಿವಾರ ಆದ್ರೇನು?”

“ಪುರಸಭೆ ಆರ್ಡರ್ ಇದೆ. ಹಿಂದಕ್ಕೂ ಹೋಗೋ ಹಾಗಿಲ್ಲ. ಮುಂದಕ್ಕೆ ಹೋದ್ರೆ ಹಿತ್ತಲು.”

“ಹಿತ್ತಲಿಗೆ ಯಾವಾಗ ಮುಟ್ತೀಯ?”

“ಮುಂದಿನ ವಸಂತಕ್ಕೆ. ಮಧ್ಯೆ ಕ್ರಿಸ್‌ಮಸ್ ರಜಾ ಬರುತ್ತೆ ನೋಡು.”

ರೋನಾ ಹಡಗಿನ ವಿಷಯ ಬಿಟ್ಟಳು. “ಅಮ್ಮಾ, ಎಫಿ ದೊಡ್ಡಮ್ಮ ನಿನ್ನ ಇಟ್ಕೊಂಡಿದಾಳಾ?”

“ಛೆ, ಇಲ್ಲಪ್ಪ. ಹಾದುಹೋಗ್ತಾ ಇದೀನಿ.”

ಒಲೆಯ ಮುಂದೆ ನಿಂತಿದ್ದ ಎಫಿ ತಿರುಗಿ ನೋಡಲಿಲ್ಲ. ಆದರೆ ಸೂಪಿಗೆ ಎರಡು ಸಲ ಉಪ್ಪು ಬಿತ್ತು. ನ್ಯಾನ್ ಅದನ್ನು ಪೂರ್ತಿ ಕುಡಿದಳು.

ಜೂನ್ ಕೊನೆಯ ಒಂದು ಮಂಗಳವಾರ, ಡನ್‌ಕೆರಿಯಲ್ಲಿ ಬಿಸಿಲು ಬಂತು. ಮೋಡವಿಲ್ಲ, ಗಾಳಿಯಿಲ್ಲ, ವರ್ಷಕ್ಕೆ ಎರಡೇ ಸಲ ಬರುವಂಥ ದಿನ. ಊರಿನ ಹಿತ್ತಲುಗಳೆಲ್ಲ ಖಾಲಿ ಬಿದ್ದಿದ್ದವು. ಹಿತ್ತಲು ಮುಟ್ಟಿದವರ ಹಾದುಹೋಗುವಿಕೆ ಅಲ್ಲಿಗೆ ಮುಗಿಯುತ್ತಿತ್ತಾದ್ದರಿಂದ, ಜನ ಹಿಂಬಾಗಿಲುಗಳನ್ನು ಭದ್ರ ಮಾಡಿಕೊಂಡು ಅಡುಗೆಮನೆಗಳಲ್ಲಿ ಬೆವರುತ್ತ ಕೂತಿದ್ದರು.

ಲಾಕ್ಲನ್ ಮಾಸಿಕ ತಪಾಸಣೆಗೆ ಬಂದಾಗ ಗಿಲ್‌ಕ್ರಿಸ್ಟ್ ಮೇಜಿನ ಬಳಿ ಇಸ್ಪೀಟು ಹಂಚುತ್ತಿದ್ದ. ಅವನಿಗೆ ಕೂರುವ ಹಕ್ಕಿದ್ದರೂ, ಊರೆಲ್ಲ ಹೀಗೇ ಇರುವಾಗ ತಾನೊಬ್ಬನೇ ಬೇರೆ ಎನಿಸಬಾರದೆಂದು ಹಾದುಹೋಗುವ ಅರ್ಜಿಯನ್ನೇ ಹಾಕಿಕೊಂಡು ಬಂದಿದ್ದ. ಎಫಿ ಆ ಅರ್ಜಿಗೆ ಸಹಿ ಮಾಡಿದ್ದಳು, ರಿಮೋಟ್ ತರಬಾರದೆಂಬ ಷರತ್ತಿನ ಮೇಲೆ.

ಲಾಕ್ಲನ್ ಚಕ್ರ ಉರುಳಿಸಿ ಅಳೆದು, ಎರಡನೆಯ ಸಲವೂ ಅಳೆದ.

“ಮಿಸೆಸ್ ಲಾರಿಮರ್, ಇವರು ಇಷ್ಟೊತ್ತಿಗೆ ನಾಲ್ಕಡಿ ಮಾತ್ರ ಮುಂದೆ ಬಂದಿರಬೇಕಿತ್ತು. ಹೊಸ್ತಿಲಿಂದ ಮೂವತ್ತಡಿ ಅಂತ ಚಕ್ರ ತೋರಿಸ್ತಿದೆ. ಕುರ್ಚಿ ಆಗ್ಲೇ ಅಡುಗೆಮನೇಲಿದೆ.”

“ಮಲಗೋ ಕೋಣೆವರೆಗೆ ಅಳೆ, ಎರಡೇ ಅಡಿ,” ಎಂದಳು ಎಫಿ. “ರಾತ್ರಿ ಅಲ್ಲಿರ್ತಾಳೆ. ಬೆಳಿಗ್ಗೆ ತಿಂಡಿಗೆ ಅಂತ ಬರ್ತಾಳೆ.”

“ಹಾಗಂದ್ರೆ ರಾತ್ರಿ ಹಿಂದಕ್ಕೆ ಹೋದ ಹಾಗಾಯ್ತಲ್ಲ?”

ಹಿಂಬಾಗಿಲಿನ ಗಾಜಿನಿಂದ ಬಿಸಿಲು ನ್ಯಾನ್‌ಳ ಮೊಣಕಾಲಿನವರೆಗೆ ಬಂದಿತ್ತು.

“ಲಾಕ್ಲನ್,” ಎಂದಳು ಎಫಿ. ಎಂಬತ್ತೊಂದು ವರ್ಷದಲ್ಲಿ ಒಮ್ಮೆಯೂ ಬಳಸದ ಪದ ಹುಡುಕುವವಳ ಹಾಗೆ ತಡವರಿಸಿದಳು. “ಅವಳು ಇಲ್ಲೇ… ಇಲ್ಲೇ ಇರಲಿ ಅಂತ ನನಗೆ.”

ನ್ಯಾನ್ ಕೈಯಲ್ಲಿದ್ದ ಎಲೆಗಳನ್ನು ಮೇಜಿನ ಮೇಲೆ ಕವುಚಿ ಇಟ್ಟಳು. ಗಿಲ್‌ಕ್ರಿಸ್ಟ್ ಸೂರು ನೋಡಿದ. ಆ ಮನೆಯಲ್ಲಿ ಇಷ್ಟು ಅಸಭ್ಯವಾದ ಮಾತು ಹಿಂದೆಂದೂ ಕೇಳಿಬಂದಿರಲಿಲ್ಲ.

ಲಾಕ್ಲನ್ ನಿಯಮಾವಳಿ ತೆಗೆದು ಹುಡುಕಿದ. ಒಂಬತ್ತನೆಯ ಕಲಮಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ‘ಕಡತವು ಮುಂದಿನ ಮೇಜಿಗೆ ಹೋಗದೆ ಮತ್ತೆ ಮತ್ತೆ ಹಿಂದಿನ ಮೇಜಿಗೇ ಬರುತ್ತಿದ್ದಲ್ಲಿ, ಅದು ವಾಡಿಕೆಯಂತೆ ಸಾಗುತ್ತಿದೆ ಎಂದು ತಿಳಿಯತಕ್ಕದ್ದು.’

ಅವನು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, ಅವಧಿಯ ಕಾಲಮಿನಲ್ಲಿ ‘ಅನಿರ್ದಿಷ್ಟ’ ಎಂದು ಬರೆದ. ಆಮೇಲೆ ಹಿಂಬಾಗಿಲಿನ ಪರದೆ ಎಳೆದು, ಕುರ್ಚಿ ಹತ್ತಿರ ಸರಿಸಿಕೊಂಡು, “ನನಗೂ ಎಲೆ ಹಾಕಿ,” ಎಂದ.

“ಖುಷಿಪಡಬಾರದು ಮತ್ತೆ,” ಎಂದಳು ನ್ಯಾನ್.

“ಇಲ್ಲ ಇಲ್ಲ,” ಎಂದ ಲಾಕ್ಲನ್. “ಸೋಲೋ ಹಾಗೇ ಆಡ್ತೀನಿ.”