ಸೋಮವಾರದ ಮೌನವೂ ಚಂದ್ರಿ ಎಮ್ಮೆಯೂ

ಈ ಯುಗಾದಿಗೆ ಬೇವಿನ ಪಾನಕ ಕುಡಿದ ಬಾಯಿ ಒರೆಸಿಕೊಂಡು ನಾನೊಂದು ಘನ ಸಂಕಲ್ಪ ಮಾಡಿದೆ. ವರ್ಷವಿಡೀ ಸೋಮವಾರ ಮಹಾದೇವನ ಹೆಸರಿನಲ್ಲಿ ಮೌನವ್ರತ! ನಮ್ಮೂರಲ್ಲಿ ಪ್ರತಿ ಯುಗಾದಿಗೂ ಗುಟಖಾ ಬಿಡುವವರು, ಇಸ್ಪೀಟು ಬಿಡುವವರು ಬಹಳ. ಸಂಜೆಯೊಳಗೆ ಮತ್ತೆ ಹಿಡಿಯುತ್ತಾರೆ. ನಾನು ಅಂಥವನಲ್ಲ.

"ಬರೇ ಸೋಮವಾರ ಯಾಕ್ರಿ?" ಎಂದಳು ಹೆಂಡತಿ ಗಂಗವ್ವ. "ವಾರ ಪೂರ್ತಿ ಹಿಡೀರಿ. ದೇವರಿಗೂ ಆರಾಮ, ನಮಗೂ ಆರಾಮ."

ಮೊದಲ ಸೋಮವಾರವೇ ದನದ ಸಂತೆ ಬಂತು. ನಮ್ಮ ಚಂದ್ರಿ ಎಮ್ಮೆಯ ಗಂಡುಕರುವನ್ನು ಮಾರಬೇಕಿತ್ತು. ತಾಯಿ ಮುಂದೆ ನಡೆಯದಿದ್ದರೆ ಅದು ಹೆಜ್ಜೆ ಕೀಳುವುದಿಲ್ಲ. ಹಾಗಾಗಿ ಎರಡನ್ನೂ ಹೊಡೆದುಕೊಂಡು ಹೊರಟೆ.

"ಮಾತಾಡದ ಹ್ಯಾಂಗ ಮಾರ್ತೀರಿ?" ಎಂದಳು ಗಂಗವ್ವ. ನಾನು ನಕ್ಕು ಹೆಗಲ ಮೇಲಿನ ಟವೆಲ್ ತೋರಿಸಿದೆ. ದನದ ವ್ಯಾಪಾರಕ್ಕೆ ಮಾತೇಕೆ? ದಲ್ಲಾಳಿ ಟವೆಲ್ಲಿನ ಕೆಳಗೆ ನಮ್ಮ ಬೆರಳು ಹಿಡಿದು ಒತ್ತುತ್ತಾನೆ, ಅದೇ ರೇಟು. ನಾವು ತಿರುಗಿ ಒತ್ತಿದರೆ ಅದೇ ಒಪ್ಪಿಗೆ. ದೇವರು ನನ್ನ ವ್ರತಕ್ಕಾಗಿಯೇ ಮಾಡಿಟ್ಟ ಪದ್ಧತಿ!

"ಹುಷಾರ್ರಿ! ಚಂದ್ರಿ ಹಾಲಿನ ಮ್ಯಾಲ ನಮ್ಮ ಮನಿ ನಡದೈತಿ."

ಅದು ನಿಜ. ಮನೆ ನಡೆಸುವುದರಲ್ಲಿ ನನ್ನ ಸ್ಥಾನ ಎಮ್ಮೆಯ ನಂತರದ್ದು.

ಸಂತೆಯಲ್ಲಿ ದಲ್ಲಾಳಿ ಹೆಸರು ಕೇಳಿದ. ನಾನು ಬಾಯಿ ತೋರಿಸಿ ಕೈಯಾಡಿಸಿದೆ. "ಅಯ್ಯ ಪಾಪ, ಮೂಕ ಅದಾನ!" ಎಂದು ಅವನು ಮರುಗಿ ಚಹಾ ಕುಡಿಸಿದ. ಬೇಡ ಎನ್ನಲು ಬಾಯಿ ಬೇಕಲ್ಲ? ಕುಡಿದೆ.

ಆಮೇಲೆ ತಿರ್ಲಾಪುರದ ಕಡೆಯ ಒಬ್ಬ ರೈತನನ್ನು ಕರೆತಂದ. ಟವೆಲ್ ಬಿತ್ತು, ದಲ್ಲಾಳಿ ಬೆರಳು ಒತ್ತಿದ. ಒಂದು ಗಂಡುಕರುವಿಗೆ ಇಷ್ಟು ರೊಕ್ಕವೇ? ವ್ರತ ಹಿಡಿದ ಮೊದಲ ದಿನವೇ ಮಹಾದೇವ ಒಲಿದಿದ್ದ! ರೈತ ಮನಸ್ಸು ಬದಲಿಸುವ ಮೊದಲೇ ಗಟ್ಟಿಯಾಗಿ ತಿರುಗಿ ಒತ್ತಿದೆ. ನೋಟಿನ ಕಟ್ಟು ನನ್ನ ಜೇಬು ಸೇರಿತು.

ರೈತ ಹೋಗಿ ಚಂದ್ರಿಯ ಹಗ್ಗ ಬಿಚ್ಚಿದ.

ನಾನು ಕೈಬೀಸಿದೆ. ಅವನೂ ಪ್ರೀತಿಯಿಂದ ಕೈಬೀಸಿದ. ಕರುವನ್ನು ತೋರಿಸಿದೆ. "ಬ್ಯಾಡೋ ಯಪ್ಪಾ, ಎಮ್ಮಿ ಅಷ್ಟ ಸಾಕು" ಎಂದ. ಅಯ್ಯೋ, ಟವೆಲ್ಲಿನ ಕೆಳಗೆ ರೇಟು ಗೊತ್ತಾಗುತ್ತದೆ, ಯಾವ ದನ ಎಂಬುದಲ್ಲ! ಅದನ್ನು ಬಾಯಿಬಿಟ್ಟೇ ಹೇಳಬೇಕು. ಚಂದ್ರಿ ಹೊರಟೇಬಿಟ್ಟಳು. ನನ್ನ ಕಣ್ಣ ಮುಂದೆ ಗಂಗವ್ವ ನಿಂತಳು.

"ಏ ಭಾಡ್ಯಾ! ಬಿಡಲೇ ನಮ್ಮ ಎಮ್ಮಿ!"

ಸಂತೆಯೇ ತಿರುಗಿ ನೋಡಿತು. "ಮೂಕಗ ಮಾತ ಬಂತೋ! ಹರಹರ ಮಹಾದೇವ!" ಎಂದು ದಲ್ಲಾಳಿ ಕೂಗಿದ. ಒಬ್ಬ ಮುದುಕಿ ಓಡಿಬಂದು ಚಂದ್ರಿಯ ಹಣೆಗೆ ಕುಂಕುಮ ಹಚ್ಚಿದಳು. ಇಬ್ಬರು ಎಮ್ಮೆಯ ಕಾಲಿಗೆ ಬಿದ್ದರು. ನನ್ನ ಕಾಲಿಗೆ ಯಾರೂ ಬೀಳಲಿಲ್ಲ.

"ತಪ್ಪಾಗೇತ್ರಿ, ನಮ್ಮ ಎಮ್ಮಿ ಕೊಡ್ರಿ" ಎಂದು ಅಂಗಲಾಚಿದೆ.

"ಹುಚ್ಚ ಅದೀಯೇನ?" ಎಂದ ರೈತ. "ನಾ ಹಗ್ಗ ಹಿಡದಕೂಡ್ಲೇ ಮೂಕಗ ಮಾತ ಬಂತು. ಇಂಥಾ ದೇವರಂಥಾ ಎಮ್ಮಿ ಯಾರ ಬಿಡ್ತಾರ?"

ಇನ್ನು ಉಳಿದದ್ದು ಒಂದೇ ದಾರಿ. "ನಾ ಮೂಕ ಅಲ್ರಿ! ಮೌನವ್ರತ ಹಿಡದೇನ್ರಿ!"

ಮುದುಕಿ ಸೆರಗಿನಿಂದ ಎಮ್ಮೆಯ ಹಣೆ ಒರೆಸಿದಳು. "ಕುಡದ ಚಾ ಕಕ್ಕಲೇ!" ಎಂದು ದಲ್ಲಾಳಿ ಮೈಮೇಲೆ ಬಂದ. ಕಡೆಗೆ ಅವನೇ ನ್ಯಾಯ ಹೇಳಿದ. "ಎಮ್ಮಿ ಒಯ್ಯಿ, ರೊಕ್ಕ ಹೊಳ್ಳಿ ಕೊಡು. ಮೂಕ ಅಂತ ಸುಳ್ಳ ಹೇಳಿದ ದಂಡಕ್ಕ ಕರು ಇವಗ ಬಿಡು."

"ನಾ ಎಲ್ಲಿ ಹೇಳೇನ್ರಿ? ಬಾಯೇ ಬಿಟ್ಟಿಲ್ಲ!"

ಯಾರೂ ಕೇಳಲಿಲ್ಲ. ತಾಯಿ ಇಲ್ಲದೆ ಹೆಜ್ಜೆ ಕೀಳದ ಆ ಕರು ರೈತನ ಹಿಂದೆ ಕುಣಿಯುತ್ತ ಹೋಯಿತು, ನನ್ನತ್ತ ತಿರುಗಿಯೂ ನೋಡಲಿಲ್ಲ.

ಮನೆ ಮುಂದೆ ಗಂಗವ್ವ ಕಾಯುತ್ತಿದ್ದಳು. ಕರು ಕಾಣದ್ದಕ್ಕೆ ಮುಖ ಅರಳಿತು. "ಮಾರಿದ್ರೇನ್ರಿ? ರೊಕ್ಕ ಎಲ್ಲಿ?"

ನಾನು ಆಕಾಶ ನೋಡಿ, ಕೈಮುಗಿದು, ತುಟಿಯ ಮೇಲೆ ಬೆರಳಿಟ್ಟೆ. ಸೋಮವಾರವಲ್ಲವೇ!

ಗಂಗವ್ವ ನನ್ನ ಖಾಲಿ ಜೇಬನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇರ್ಲಿ ಬಿಡ್ರಿ. ನಾಳೆ ಮಂಗಳವಾರ ಐತೆಲ್ಲ, ಆವಾಗ ಮಾತಾಡೂಣು."

ಆ ಕ್ಷಣವೇ ನಾನು ಮಂಗಳವಾರವನ್ನೂ ಮಹಾದೇವನಿಗೆ ಅರ್ಪಿಸಿದೆ.