ಸುಂದರಣ್ಣನ ಹದಿನೆಂಟು ಜೊತೆ ಉಣ್ಣೆ ಸಾಕ್ಸು

“ನನಗೆ ಟೋಪಿ ಹಾಕುವ ಕಂಪ್ಯೂಟರು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ!”

ಇನ್ನಂಜೆಯ ಸುಂದರಣ್ಣ ತಮ್ಮ ಮನೆಯ ಜಗಲಿಯಲ್ಲಿ ನಿಂತು ಹೀಗೆ ಸಾರಿದ್ದು ಎರಡು ಸಾವಿರದ ಎಂಟನೇ ಇಸವಿಯ ಫೆಬ್ರವರಿಯಲ್ಲಿ. ಎದುರಿಗೆ ಕುರ್ಚಿಯಲ್ಲಿ ಕೂತಿದ್ದವರು ಮಹಿಳಾ ಮಂಡಲದ ಅಧ್ಯಕ್ಷೆ ಇಮೆಲ್ಡಾ ಟೀಚರ್. ಮೇ ತಿಂಗಳಲ್ಲಿ ಮಂಡಲದ ವಾರ್ಷಿಕೋತ್ಸವ. ‘ಆನ್‌ಲೈನ್ ಖರೀದಿಯಲ್ಲಿ ಮೋಸ ಹೋಗದಿರುವುದು ಹೇಗೆ?’ ಎಂಬ ವಿಷಯದ ಮೇಲೆ ಸುಂದರಣ್ಣ ಉಪನ್ಯಾಸ ಕೊಡಬೇಕೆಂದು ಕೇಳಿಕೊಳ್ಳಲು ಅವರು ಬಂದಿದ್ದರು. ಕಾಪುವಿನ ಸೊಸೈಟಿಯೊಂದರಲ್ಲಿ ಗುಮಾಸ್ತರಾದ ಸುಂದರಣ್ಣನ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ಅವರು ಊರಿಗೇ ಗಣಕಾಚಾರ್ಯರಾಗಿಬಿಟ್ಟಿದ್ದರು. ಲಾಟರಿ ಹೊಡೆದಿದೆ ಎಂಬ ಇಮೇಲ್ ಯಾರಿಗೆ ಬಂದರೂ ಅವರು ಮೊದಲು ಓಡಿ ಬರುತ್ತಿದ್ದದ್ದು ಈ ಜಗಲಿಗೆ.

“ಒಂದೇ ಮಂತ್ರ ಟೀಚರ್,” ಎಂದು ಸುಂದರಣ್ಣ ತೋರುಬೆರಳು ಎತ್ತಿದರು. “ಏನನ್ನೂ ಒತ್ತಬಾರದು! ಒತ್ತದೆ ಸುಮ್ಮನೆ ಕೂತವನನ್ನು ಯಾವ ಕಂಪೆನಿಗೂ ಎಂತ ಮಾಡಲಿಕ್ಕೂ ಆಗುವುದಿಲ್ಲ!”

ಚಹಾ ತಂದ ಹೆಂಡತಿ ಪ್ರಫುಲ್ಲಕ್ಕ ಬಾಯಿ ಹಾಕಿದರು. “ಮೊನ್ನೆ ಸ್ವಿಚ್ಚು ಒತ್ತದೆಯೇ ಮಿಕ್ಸಿ ಹಾಳಾಗಿದೆ ಅಂತ ರಿಪೇರಿಗೆ ಕೊಂಡುಹೋದದ್ದು ನೀವೇ ಅಲ್ವಾ?”

ಸುಂದರಣ್ಣ ಇಂಥ ಕ್ಷುಲ್ಲಕ ಟೀಕೆಗಳಿಗೆ ಉತ್ತರ ಕೊಡುವವರಲ್ಲ. ಉಪನ್ಯಾಸಕ್ಕೆ ಒಪ್ಪಿಕೊಂಡರು. ವೇದಿಕೆ ಏರುವವರು ಹವಾಯಿ ಚಪ್ಪಲಿಯಲ್ಲಿ ಏರಿದರೆ ಚೆನ್ನಾಗಿರುವುದಿಲ್ಲವಲ್ಲ, ಮರುದಿನವೇ ಬ್ಯಾಂಕಿನ ಹೊಸ ಕಾರ್ಡು ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಕೂತು ಒಂದು ಜೊತೆ ಕಪ್ಪು ಶೂ ಆರಿಸಿದರು. ‘ಶೂ ಜೊತೆಗೆ ಉಣ್ಣೆಯ ಸಾಕ್ಸ್ ಸಂಪೂರ್ಣ ಉಚಿತ!’ ಎಂದು ಕೆಂಪು ಅಕ್ಷರ ಮಿನುಗುತ್ತಿತ್ತು. ಪುಟದ ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೇನೋ ಬರೆದಿತ್ತು. ಅದರ ಪಕ್ಕದಲ್ಲಿ ಒಂದು ಪುಟ್ಟ ಚೌಕ, ಚೌಕದೊಳಗೆ ಮೊದಲೇ ಹಾಕಿಟ್ಟ ಒಂದು ಟಿಕ್ಕು. ಸುಂದರಣ್ಣ ಅದನ್ನು ನೋಡಿದರು. ನೋಡಿ ಮೀಸೆಯಡಿಯಲ್ಲಿ ನಕ್ಕರು. ‘ಒತ್ತು ಒತ್ತು ಅಂತೀಯಾ? ಒತ್ತುವುದಿಲ್ಲ ಹೋಗು!’ ಎಂದುಕೊಂಡು ಅದನ್ನು ಮುಟ್ಟದೆ ಶೂವಿಗೆ ಹಣ ಕಟ್ಟಿದರು.

ಟಿಕ್ಕನ್ನು ಒತ್ತಿದರೆ ಅದು ಹೋಗುತ್ತಿತ್ತು, ಒತ್ತದಿದ್ದರೆ ಅಲ್ಲೇ ಉಳಿಯುತ್ತಿತ್ತು ಎಂಬ ಸತ್ಯ ಗಣಕಾಚಾರ್ಯರಿಗೆ ಹೊಳೆದದ್ದು ಮಾರ್ಚಿನಲ್ಲಿ. ಶೂ ಬಂದು ಸರಿಯಾಗಿ ಒಂದು ತಿಂಗಳಿಗೆ ಕೊರಿಯರಿನ ಭೋಜ ಇನ್ನೊಂದು ಪೆಟ್ಟಿಗೆ ತಂದ. ಅದರೊಳಗೆ ಆರು ಜೊತೆ ದಪ್ಪ ಉಣ್ಣೆಯ ಸಾಕ್ಸು, ಮೇಲೊಂದು ಕಾಗದ. ‘ಪಾದಸುಖ ಕುಟುಂಬಕ್ಕೆ ಸ್ವಾಗತ! ನಿಮ್ಮ ಒಪ್ಪಿಗೆಯಂತೆ ಇನ್ನು ಪ್ರತಿ ತಿಂಗಳೂ ಆರು ಜೊತೆ ನಿಮ್ಮ ಮನೆಬಾಗಿಲಿಗೆ. ಹಣ ನಿಮ್ಮ ಕಾರ್ಡಿನಿಂದ ತಾನಾಗಿಯೇ ಬರುತ್ತದೆ. ನೀವು ಏನನ್ನೂ ಒತ್ತಬೇಕಾಗಿಲ್ಲ!’

ಫ್ಯಾನೇ ಬೆವರುವ ಇನ್ನಂಜೆಯ ಸೆಖೆಗೆ ಉಣ್ಣೆ ಸಾಕ್ಸು! ಸುಂದರಣ್ಣನಿಗೆ ಹಣದ ಸಂಕಟಕ್ಕಿಂತ ಮಾನದ ಸಂಕಟ ದೊಡ್ಡದಾಯಿತು. ಆಮಂತ್ರಣ ಪತ್ರಿಕೆಯಲ್ಲಿ ಆಗಲೇ ‘ಆನ್‌ಲೈನ್ ತಜ್ಞ ಶ್ರೀ ಸುಂದರ’ ಎಂದು ಅಚ್ಚಾಗಿತ್ತು. ಈ ತಜ್ಞ ತಾನೇ ಸಾಕ್ಸಿನ ಕುಟುಂಬಕ್ಕೆ ದತ್ತು ಹೋಗಿದ್ದಾನೆಂದು ಊರಿಗೆ ಗೊತ್ತಾದರೆ ಮುಖ ಎಲ್ಲಿ ಇಡುವುದು? ಹೆಂಡತಿ ಹಿತ್ತಿಲಲ್ಲಿದ್ದ ಸಮಯ ನೋಡಿ ಪೆಟ್ಟಿಗೆಯನ್ನು ಅಟ್ಟಕ್ಕೆ ಸಾಗಿಸಿದರು.

ಏಪ್ರಿಲಿನಲ್ಲಿ ಮತ್ತೆ ಆರು ಜೊತೆ ಬಂತು. ಸುಂದರಣ್ಣ ಸೊಸೈಟಿಯ ಹಿಂದಿನ ಗೇರುಮರದ ಬುಡಕ್ಕೆ ಹೋಗಿ ಕಂಪೆನಿಗೆ ಫೋನು ಮಾಡಿದರು. ಇಪ್ಪತ್ತು ನಿಮಿಷ ಕೊಳಲು ಕೇಳಿಸಿ ಆದಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು. ಹೆಸರು ಸವಿತಾ, ಕೂತಿರುವುದು ಬೆಂಗಳೂರಿನಲ್ಲಿ, ಮಾತು ಮಾತ್ರ ಅಪ್ಪಟ ಗದಗಿನದು.

“ಸಾಕ್ಸ್ ಬ್ಯಾಡಂದ್ರ ಹೆಂಗ್ರಿ ಸರ? ನೀವು ನಮ್ಮ ಕುಟುಂಬದವ್ರು!”

“ನಮ್ಮ ಊರಿನಲ್ಲಿ ಚಳಿ ಇಲ್ಲ ಮಾರಾಯ್ತಿ!”

“ಬೇಜಾರ ಮಾಡ್ಕೋಬ್ಯಾಡ್ರಿ ಸರ. ನಿಮಗ ಒಂದು ಮಫ್ಲರ್ ಫ್ರೀ ಕಳಸ್ತೇವಿ.”

ಮೇ ತಿಂಗಳ ಪೆಟ್ಟಿಗೆಯಲ್ಲಿ ಆರು ಜೊತೆ ಸಾಕ್ಸಿನ ಮೇಲೆ ಕೆಂಪು ಮಫ್ಲರೊಂದು ಸುರುಳಿ ಸುತ್ತಿ ಮಲಗಿತ್ತು! ಸುಂದರಣ್ಣ ಅದನ್ನೂ ಅಟ್ಟಕ್ಕೆ ಸೇರಿಸಿ, ಪುನಃ ಗೇರುಮರದ ಬುಡಕ್ಕೆ ಓಡಿ ಫೋನು ಮಾಡಿದರು; ಅತ್ತುಬಿಡುವುದೊಂದು ಬಾಕಿ. ಸವಿತಾಳಿಗೆ ಅಯ್ಯೋ ಅನ್ನಿಸಿರಬೇಕು, ದನಿ ತಗ್ಗಿಸಿ ದಾರಿ ಹೇಳಿದಳು. ತಿಂಗಳು ತಿಂಗಳು ಬಂದದ್ದನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿ, ರದ್ದತಿಯ ಫಾರ್ಮಿಗೆ ಸಹಿ ಹಾಕಿ ಹತ್ತು ದಿನದೊಳಗೆ ವಾಪಸು ಕಳಿಸಬೇಕು. “ಆದ್ರ ಒಂದು ಮಾತ್ರಿ ಸರ. ನಾವು ಕಳಿಸಿದ್ದು ಬಿಟ್ಟು ಪೆಟ್ಟಿಗ್ಯಾಗ ಬ್ಯಾರೆ ಒಂದು ಕಡ್ಡಿ ಇದ್ರೂ ವಾಪಸ್ ತಗೊಳ್ಳಂಗಿಲ್ರಿ.”

ಸುಂದರಣ್ಣ ಜಯಭೇರಿ ಹೊಡೆಯುತ್ತ ಮನೆಗೆ ಬಂದರೆ ಅಲ್ಲಿ ಬೇರೆಯೇ ರಣರಂಗ ಸಿದ್ಧವಾಗಿತ್ತು. ಹಲಸಿನ ಹಪ್ಪಳ ಮಾಡುವ ಕಾಲ. ಒಣಗಿಸುವ ಚಾಪೆಗೆಂದು ಅಟ್ಟ ಹತ್ತಿದ ಪ್ರಫುಲ್ಲಕ್ಕನ ತಲೆಯ ಮೇಲೆ ಹದಿನೆಂಟು ಜೊತೆ ಸಾಕ್ಸು ಉದುರಿತ್ತು. ಅವರು ಜಗಲಿಯಲ್ಲಿ ಸಾಕ್ಸಿನ ರಾಶಿಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು, ಹೆಗಲ ಮೇಲೆ ಮಫ್ಲರು.

“ಎಂತ ಇದು ಮಾರಾಯ್ರೆ? ನನ್ನನ್ನು ಬಿಟ್ಟು ಹಿಮಾಲಯಕ್ಕೆ ಹೋಗುವ ಆಲೋಚನೆ ಉಂಟಾ?”

ಸುಂದರಣ್ಣ ಎಲ್ಲವನ್ನೂ ಒಪ್ಪಿಕೊಂಡರು. ಪ್ರಫುಲ್ಲಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆದರೂ ಗಂಡನ ಮಾನ ತನ್ನ ಮಾನವಲ್ಲವೇ? “ಯಾರಿಗೂ ಹೇಳುವುದಿಲ್ಲ. ಪೆಟ್ಟಿಗೆ ನಾನೇ ಕಟ್ಟುತ್ತೇನೆ, ನೀವು ಕಟ್ಟಿದರೆ ದಾರಿಯಲ್ಲೇ ಬಿಚ್ಚಿಹೋಗ್ತದೆ,” ಎಂದರು. ಅಂದೇ ಭೋಜ ಪೆಟ್ಟಿಗೆ ಹೊತ್ತುಕೊಂಡು ಹೋದ. ಅವನ ಬೈಕು ತಿರುವು ದಾಟಿದ ಮೇಲೆ ಸುಂದರಣ್ಣ ನೆಮ್ಮದಿಯಿಂದ ಕಾಲು ಚಾಚಿ ಕೂತರು.

“ಎರಡು ಕಟ್ಟು ಹಪ್ಪಳವೂ ಇಟ್ಟಿದ್ದೇನೆ,” ಎಂದರು ಪ್ರಫುಲ್ಲಕ್ಕ.

“ಎಂಥದ್ದು!”

“ಬೇರೆಯವರ ಮನೆಯಿಂದ ಪಾತ್ರೆ ಬಂದರೆ ನಾವು ಖಾಲಿ ವಾಪಸು ಕೊಡುವ ಕ್ರಮ ಉಂಟಾ? ಒಂದು ತುಂಡು ಬೆಲ್ಲವಾದರೂ ಹಾಕಿ ಕೊಡುವುದಲ್ವಾ?”

“ಅದು ಪಾತ್ರೆ ಅಲ್ಲ ಮಾರಾಯ್ತಿ, ರಟ್ಟಿನ ಪೆಟ್ಟಿಗೆ! ಖಾಲಿಯೂ ಇರಲಿಲ್ಲ, ಸಾಕ್ಸು ಇತ್ತು!”

“ಅವರದ್ದನ್ನೇ ಅವರಿಗೆ ಕೊಟ್ಟರೆ ಅದು ಖಾಲಿ ಕೊಟ್ಟ ಹಾಗೇ.”

ಸುಂದರಣ್ಣ ತಲೆಯ ಮೇಲೆ ಕೈ ಹೊತ್ತರು. ಬೇರೆ ಒಂದು ಕಡ್ಡಿಯೂ ಇರಬಾರದ ಪೆಟ್ಟಿಗೆಯಲ್ಲಿ ಐವತ್ತು ಹಪ್ಪಳ! ಇನ್ನು ಆ ಪೆಟ್ಟಿಗೆ ಹೋದ ದಾರಿಯಲ್ಲೇ ತಿರುಗಿ ಬರುತ್ತದೆ, ಅದೂ ವಾರ್ಷಿಕೋತ್ಸವದ ದಿನವೇ ಬರುತ್ತದೆ ಎಂದು ಅವರಿಗೆ ಖಾತ್ರಿಯಾಯಿತು. ಆ ವಾರವಿಡೀ ಬೈಕಿನ ಸದ್ದು ಕೇಳಿದರೆ ಸಾಕು, ಎದೆ ಹಿಡಿದುಕೊಂಡು ಕಿಟಕಿಗೆ ಓಡುತ್ತಿದ್ದರು.

ವಾರ್ಷಿಕೋತ್ಸವದ ಶನಿವಾರ ಬಂತು. ಸಭಾಭವನದ ತುಂಬ ಮಹಿಳೆಯರು. ಸುಂದರಣ್ಣ ಹೊಸ ಶೂ ಹಾಕಿ, ಅದರ ಜೊತೆಗೇ ಬಂದಿದ್ದ ಉಚಿತ ಸಾಕ್ಸಿನೊಳಗೆ ಕಾಲು ಬೇಯಿಸಿಕೊಳ್ಳುತ್ತ ಮೈಕಿನ ಮುಂದೆ ನಿಂತರು. ಮಾತು ಶುರುವಾದದ್ದೇ ಭಯ ಹಾರಿಹೋಯಿತು. ಕೈ ಬೀಸಿದರು, ಗುಡುಗಿದರು, “ಏನನ್ನೂ ಒತ್ತಬೇಡಿ!” ಎಂದು ಮೂರು ಸಲ ಮೇಜು ಗುದ್ದಿದರು. ಅಷ್ಟರಲ್ಲಿ ಜೇಬಿನ ಮೊಬೈಲು ಹಾಡಿತು. ನೋಡಿದರೆ ಬೆಂಗಳೂರಿನ ಯಾವುದೋ ಅಪರಿಚಿತ ನಂಬರು. ಸಾಲ ಬೇಕೇ ಎಂದು ಪೀಡಿಸುವ ಕರೆಯೇ ಇರಬೇಕೆಂದು ಸುಂದರಣ್ಣನಿಗೆ ಹುರುಪು ಬಂತು.

“ನೋಡಿ! ಮೋಸದ ಕರೆ ಬಂದರೆ ಹೇಗೆ ಮಾತಾಡಬೇಕು ಅಂತ ಈಗಲೇ ತೋರಿಸಿಕೊಡುತ್ತೇನೆ!” ಎಂದು ಸ್ಪೀಕರ್ ಹಾಕಿ ಮೊಬೈಲನ್ನು ಮೈಕಿನ ಬಾಯಿಗೇ ಹಿಡಿದರು.

“ಸುಂದರ ಸರ ಏನ್ರಿ? ನಾನ್ರಿ, ಪಾದಸುಖದ ಸವಿತಾ! ನಿಮ್ಮ ಹದಿನೆಂಟು ಜೋಡಿ ಉಣ್ಣಿ ಸಾಕ್ಸಿನ ಪೆಟ್ಟಿಗಿ ಬಂದು ಮುಟ್ಟೇತ್ರಿ!”

ಈಗ ನಿಜಕ್ಕೂ ಒತ್ತಬೇಕಾದ ಗುಂಡಿ ಯಾವುದೆಂದೇ ಸುಂದರಣ್ಣನಿಗೆ ತೋಚಲಿಲ್ಲ.

“ಬ್ಯಾರೆ ಸಾಮಾನು ಇದ್ರ ವಾಪಸ್ ತಗೊಳ್ಳಂಗಿಲ್ಲ ಅಂತ ಹೇಳಿದ್ದೆ ಅಲ್ರಿ? ಪೆಟ್ಟಿಗ್ಯಾಗ ಹಪ್ಪಳ ಇತ್ರಿ. ಕ್ಯಾಂಟೀನಿನ್ಯಾಗ ಕರಿಸಿ ಎಲ್ಲಾರೂ ತಿಂದುಬಿಟ್ವಿ. ಮ್ಯಾನೇಜರಿಗೆ ಬರೇ ಎರಡ ಸಿಕ್ಕುವು ಅಂತ ಜಗಳಾನ ಆತ್ರಿ! ಈಗ ಪೆಟ್ಟಿಗ್ಯಾಗ ಬ್ಯಾರೆ ಸಾಮಾನು ಏನೂ ಇಲ್ರಿ. ಅದಕ್ಕ ನಿಮ್ಮ ಸದಸ್ಯತ್ವ ರದ್ದಾತ್ರಿ, ಹಣಾನೂ ವಾಪಸ್ ಬರ್ತೇತಿ. ಆದ್ರ ಸರ, ಆ ಹಪ್ಪಳ ಇನ್ನೂ ಸಿಗ್ತಾವೇನ್ರಿ?”

ಮೊದಲು ಕಿಸಕ್ಕನೆ ನಕ್ಕವರು ಇಮೆಲ್ಡಾ ಟೀಚರ್. ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದ ನಡುವೆ ಪ್ರಫುಲ್ಲಕ್ಕ ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿ ಮೊಬೈಲು ತೆಗೆದುಕೊಂಡರು.

“ಹಪ್ಪಳ ಉಂಟು ತಂಗಿ. ನಮ್ಮ ಮಂಡಲದವರೆಲ್ಲ ಸೇರಿ ಮಾಡಿಕೊಡ್ತೇವೆ. ತಿಂಗಳಿಗೆ ಎಷ್ಟು ಬೇಕು ಹೇಳು. ಬೇಡ ಅಂತ ಆದರೆ ಒಂದು ಫೋನು ಮಾಡು, ಅಷ್ಟೇ ಸಾಕು. ಫಾರ್ಮು ಗೀರ್ಮು ನಾವು ಕೇಳುವುದಿಲ್ಲ.”

“ನೂರು ಕಟ್ಟು ಬರಕೋರಿ ಅಕ್ಕಾರ!”

ಚಪ್ಪಾಳೆ ಹಂಚು ಹಾರುವಷ್ಟು ಜೋರಾಗಿತ್ತು. ಸುಂದರಣ್ಣನಿಗೂ ಎಲ್ಲಿಂದಲೋ ಧೈರ್ಯ ಬಂತು. ಮೈಕು ಎಳೆದುಕೊಂಡು ಆ ಚೌಕದ, ಆ ಟಿಕ್ಕಿನ, ಗೇರುಮರದ ಬುಡದ ಕತೆಯನ್ನೆಲ್ಲ ಬಿಚ್ಚಿಟ್ಟರು. “ಹಣ ಕಟ್ಟುವ ಮೊದಲು ಸಣ್ಣ ಅಕ್ಷರ ಓದಿ. ಮೊದಲೇ ಟಿಕ್ ಇದ್ದರೆ ಒತ್ತಿ ತೆಗೆಯಿರಿ. ನನ್ನ ಮಂತ್ರ ನಂಬಬೇಡಿ!” ಎಂದರು. ಅಂಥ ಉಪನ್ಯಾಸ ತಾನು ಕೇಳಿಯೇ ಇಲ್ಲವೆಂದು ಇಮೆಲ್ಡಾ ಟೀಚರ್ ಶಾಲು ಹೊದೆಸಿದರು.

ಕೆಳಗಿಳಿದಾಗ ಪ್ರಫುಲ್ಲಕ್ಕ ಒಂದು ಕಾಗದ ಚಾಚಿದರು. “ಹಪ್ಪಳದ ಆರ್ಡರಿನದ್ದು. ಸಾಕ್ಷಿಗೆ ನಿಮ್ಮದೊಂದು ಸಹಿ.” ವಿಜಯದ ಅಮಲಿನಲ್ಲಿ ಸುಂದರಣ್ಣ ಪೆನ್ನು ಜಾಡಿಸಿ ದೊಡ್ಡದಾಗಿ ಸಹಿ ಎಳೆದರು.

ಮರುದಿನದಿಂದ ಇನ್ನಂಜೆಯ ಜನ ಒಂದು ಅಪೂರ್ವ ದೃಶ್ಯ ಕಂಡರು. ಮೇ ತಿಂಗಳ ಉರಿಬಿಸಿಲಿಗೆ ಕಾದ ತಾರಸಿಯ ಮೇಲೆ ‘ಆನ್‌ಲೈನ್ ತಜ್ಞ ಶ್ರೀ ಸುಂದರ’ ಕೈಯಲ್ಲಿ ಕೋಲು ಹಿಡಿದು, ಕಾಲು ಸುಡದಂತೆ ಆ ಉಚಿತ ಉಣ್ಣೆ ಸಾಕ್ಸು ತೊಟ್ಟು, ಹಪ್ಪಳಕ್ಕೆ ಬರುವ ಕಾಗೆಗಳನ್ನು ಅಟ್ಟುತ್ತಿದ್ದರು.

“ನಾನು ಯಾವಾಗ ಇದಕ್ಕೆ ಒಪ್ಪಿದ್ದು?” ಎಂದು ಅವರು ತಾರಸಿಯಿಂದ ಕೂಗಿದರು.

ಪ್ರಫುಲ್ಲಕ್ಕ ಅಂಗಳದಿಂದಲೇ ಆ ಕಾಗದವನ್ನು ಎತ್ತಿ ತೋರಿಸಿದರು. ಸಹಿಯ ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು: ‘ಪ್ರತಿ ತಿಂಗಳೂ ಹಪ್ಪಳ ಕಾಯುವ ಕೆಲಸ ನನ್ನದು.’ ಅದರ ಪಕ್ಕದಲ್ಲಿ ಒಂದು ಪುಟ್ಟ ಚೌಕ, ಚೌಕದೊಳಗೆ ಮೊದಲೇ ಹಾಕಿಟ್ಟ ಒಂದು ಟಿಕ್ಕು.